ಹೋರಿಗೆ ಹೆಸರಿದೆ, ಹಿಡಿಯುವವನಿಗೆ ಬೇಲಿಯೂ ಇಲ್ಲ

ಹೋದ ದೀಪಾವಳಿ ಕಳೆದು ಹತ್ತು ಹನ್ನೆರಡು ದಿನ ಆಗಿತ್ತು. ಶಿವಮೊಗ್ಗದ ಆಸ್ಪತ್ರೆಯೊಂದರ ವರಾಂಡದಲ್ಲಿ ರಾತ್ರಿ ಕೂತಿದ್ದೆ. ಒಳಗೆ ನನ್ನ ಸೋದರಮಾವನ ಮಗ ಮಲಗಿದ್ದ. ತೊಡೆಯ ಮೂಳೆ ಮುರಿದಿತ್ತು, ರಾಡ್ ಹಾಕಬೇಕು ಎಂದಿದ್ದರು. ಆ ಮಧ್ಯಾಹ್ನ ಶಿಕಾರಿಪುರ ತಾಲ್ಲೂಕಿನ ಒಂದು ಊರಿನ ಅಖಾಡದಲ್ಲಿ ಹೋರಿಯ ಕೊರಳ ಕೊಬ್ಬರಿ ಹರಿಯಲು ನುಗ್ಗಿ, ಕೈಗೆ ಸಿಕ್ಕಿದ್ದು ಜಾರಿ, ಅದರ ಕಾಲ ಕೆಳಗೆ ಬಿದ್ದಿದ್ದ.

ಅವನ ಜೊತೆ ಬಂದಿದ್ದ ನಾಲ್ಕು ಹುಡುಗರು ನೆಲದ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರು. ನಾಲ್ವರ ಟೀ ಶರ್ಟಿನ ಮೇಲೂ ಒಂದೇ ಹೋರಿಯ ಮುಖ. ಒಬ್ಬ ನನ್ನ ಕಡೆ ಮೊಬೈಲ್ ತಿರುಗಿಸಿ, "ಇದ್ನ ನೋಡ್ರಿ ಅಣ್ಣ, ನಮ್ಮೋನಿಗಿಂತ ಮೇಲೆ ಹಾರ‍್ಯಾನೆ" ಅಂದ. ಹಿಮದ ಇಳಿಜಾರಿನಲ್ಲಿ ಸ್ಕೀ ಕಟ್ಟಿಕೊಂಡ ಒಬ್ಬ ಗಾಳಿಗೆ ಹಾರಿ, ಅಡ್ಡಡ್ಡ ತೇಲಿ, ತಲೆಕೆಳಗಾಗಿ ಬಿದ್ದು ಉರುಳುತ್ತಿದ್ದ. ಬೇಲಿಯೊಂದನ್ನು ಮುರಿದುಕೊಂಡು ಹೋದ, ಇನ್ನೊಂದನ್ನೂ ಮುರಿದ, ಆಮೇಲೆ ಹಿಮದಲ್ಲಿ ಹೂತು ನಿಂತ. "ಇವ್ನ ಕಥೆ ಮುಗೀತು ಬಿಡ್ರಲೇ" ಅಂತ ಇನ್ನೊಬ್ಬ ನಕ್ಕ.

ನಿದ್ದೆ ಬರುವ ರಾತ್ರಿ ಅದಲ್ಲ. ಯಾರು ಇವನು ಎಂದು ಹುಡುಕಿದೆ. ಆಸ್ಟ್ರಿಯಾದ ಹರ್ಮನ್ ಮೈಯರ್. ಜಪಾನಿನ ನಾಗಾನೊದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್, 1998ರ ಫೆಬ್ರವರಿ 13, ಡೌನ್‌ಹಿಲ್ ಸ್ಪರ್ಧೆ. ಅವನ ಕಥೆ ಮುಗಿದಿರಲಿಲ್ಲ. ಎದ್ದು ಹಿಮ ಕೊಡವಿಕೊಂಡವನು ಮೂರೇ ದಿನಕ್ಕೆ, 16ರಂದು, ಸೂಪರ್-ಜಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದ. 19ರಂದು ಜೈಂಟ್ ಸ್ಲಾಲಂನಲ್ಲಿ ಇನ್ನೊಂದು ಚಿನ್ನ. ಹುಡುಗರಿಗೆ ಹೇಳಿದೆ, ನಂಬಲಿಲ್ಲ.

ಅದೇ ಹೊತ್ತಿಗೆ ನನ್ನ ಮೊಬೈಲಿಗೆ ನಾನೇ ಸಂಜೆ ಕಳಿಸಿದ್ದ ವರದಿಯ ಪುಟ ಬಂತು. ಹೊರಜಿಲ್ಲೆಯ ಗೆಳೆಯರಿಗೆ ಗೊತ್ತಿರಲಿ, ನಮ್ಮ ಕಡೆ ದೀಪಾವಳಿಯಿಂದ ಮೂರು ನಾಲ್ಕು ತಿಂಗಳು ಹೋರಿ ಹಬ್ಬದ ಸುದ್ದಿಯೇ ಸುದ್ದಿ. ಸ್ಟ್ರಿಂಗರ್‌ಗೆ ಸುಗ್ಗಿ. ಆ ದಿನದ ವರದಿಯಲ್ಲಿ ನಾಲ್ಕು ಹೋರಿಗಳ ಹೆಸರಿತ್ತು, ಅವುಗಳ ಮಾಲೀಕರ ಹೆಸರಿತ್ತು, ಬಹುಮಾನ ಕೊಟ್ಟವರ ಹೆಸರು, ವೇದಿಕೆಯಲ್ಲಿ ಕೂತವರ ಹೆಸರು ಎಲ್ಲ ಇತ್ತು. ಕೊನೆಯ ಸಾಲು: "ಈ ವೇಳೆ ಮೂವರು ಯುವಕರು ಗಾಯಗೊಂಡರು." ಆ ಮೂವರಲ್ಲಿ ಒಬ್ಬ ಒಳಗೆ ಮಲಗಿದ್ದ. ವರದಿ ಕಳಿಸುವಾಗ ಅದು ಯಾರೆಂದು ನನಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಹತ್ತು ವರ್ಷದಿಂದ ಹೀಗೇ ಬರೆದಿದ್ದೇನೆ.

ಹೋರಿ ಹಬ್ಬ ನೋಡದವರಿಗೆ ಎರಡು ಮಾತು. ಶಿಕಾರಿಪುರ, ಸೊರಬ, ಆಚೆಗೆ ಹಾವೇರಿ ಜಿಲ್ಲೆಯ ಹಿರೇಕೆರೂರು, ಹಾನಗಲ್ ಕಡೆಯ ಊರುಗಳಲ್ಲಿ ದೀಪಾವಳಿಯ ಬಲಿಪಾಡ್ಯಮಿಯಿಂದ ಇದು ಶುರು. ಹೋರಿಯನ್ನು ಬಲೂನು, ರಿಬ್ಬನ್ನು, ಜೂಲಗಳಿಂದ ಸಿಂಗರಿಸಿ, ಕೊರಳಿಗೆ ಒಣಕೊಬ್ಬರಿ ಗಿಟುಕಿನ ಸರ ಕಟ್ಟಿ, ಜನ ತುಂಬಿದ ಬೀದಿಯಲ್ಲೋ ಕೊಯ್ಲಾದ ಗದ್ದೆಯಲ್ಲೋ ಬಿಡುತ್ತಾರೆ. ಬೆದರಿದ ಹೋರಿ ಬಾಣದ ಹಾಗೆ ಓಡುತ್ತದೆ. ಎದುರಿಗೆ ನಿಂತ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ದಾಟಿ ಹೋದರೆ ಹೋರಿ ಗೆದ್ದಂತೆ. ಬೈಕು, ಫ್ರಿಜ್ಜು, ಚಿನ್ನದುಂಗುರ, ದೊಡ್ಡ ಅಖಾಡವಾದರೆ ಅದಕ್ಕೂ ಮೇಲಿನದು ಬಹುಮಾನ. ಡಾನ್, ಹುಲಿ, ಸರ್ದಾರ ಎಂಬಂಥ ಹೆಸರುಗಳು. ಪುನೀತ್ ರಾಜ್‌ಕುಮಾರ್ ಫೋಟೊ ಕಟ್ಟಿಕೊಂಡು ಓಡುವ ಹೋರಿಗಳಂತೂ ಎಷ್ಟೋ. ಹುರುಳಿ, ಹಿಂಡಿ, ಮೊಟ್ಟೆ ತಿನ್ನಿಸಿ, ಕೆರೆಯಲ್ಲಿ ಈಜಾಡಿಸಿ ವರ್ಷವಿಡೀ ಸಾಕುತ್ತಾರೆ. ಒಳ್ಳೆಯ ಓಟದ ಹೋರಿಗೆ ಲಕ್ಷಗಳಲ್ಲಿ ಬೆಲೆ. ಹೆಸರಾದ ಹೋರಿ ಸತ್ತರೆ ಊರು ತುಂಬ ಫ್ಲೆಕ್ಸು, ಟ್ರ್ಯಾಕ್ಟರ್ ಮೇಲೆ ಮೆರವಣಿಗೆ. ನಾನೂ ಅಂಥ ಮೆರವಣಿಗೆಯ ಫೋಟೊ ತೆಗೆದು ಕಳಿಸಿದ್ದೇನೆ, ಪುಟದಲ್ಲಿ ಚೆನ್ನಾಗಿಯೇ ಬಂದಿತ್ತು.

ಇದನ್ನು ಹಂಗಿಸಲು ಹೇಳುತ್ತಿಲ್ಲ. ಹೋರಿಯ ಮೇಲಿನ ಆ ಅಕ್ಕರೆ ಸುಳ್ಳಲ್ಲ. ನಾನು ಹೇಳುತ್ತಿರುವುದು ಬೇರೆ. ಈ ಆಟದಲ್ಲಿ ವೃತ್ತಿಜೀವನ ಅಂತ ಒಂದಿದ್ದರೆ ಅದು ಹೋರಿಗೆ ಮಾತ್ರ ಇದೆ. ಅದಕ್ಕೆ ಹೆಸರು, ದಾಖಲೆ, ಆರೈಕೆ, ಅಭಿಮಾನಿ ಬಳಗ, ನಿವೃತ್ತಿ, ಸಾವಿನ ನಂತರದ ಗೌರವ ಎಲ್ಲ ಇದೆ. ಹಿಡಿಯುವವನಿಗೆ ಇವುಗಳಲ್ಲಿ ಒಂದೂ ಇಲ್ಲ. ಅವನು ಹದಿನೇಳಕ್ಕೆ ಅಖಾಡಕ್ಕೆ ಇಳಿಯುತ್ತಾನೆ, ಇಪ್ಪತ್ತೈದರ ಹೊತ್ತಿಗೆ ಮಂಡಿಯೋ ಭುಜವೋ ಸೊಂಟವೋ ಹೋಗಿ ಬದಿಗೆ ಸರಿಯುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಬಂದಿರುತ್ತಾನೆ.

ಮೈಯರ್ ಕಥೆ ನನ್ನನ್ನು ಬಿಡದೇ ಇದ್ದುದಕ್ಕೆ ಇನ್ನೂ ಒಂದು ಕಾರಣ ಇದೆ. ಅವನು ಗಾರೆ ಕೆಲಸದವನು. ನಮ್ಮ ಹುಡುಗನೂ ಶಿರಾಳಕೊಪ್ಪದ ಕಡೆ ಗಾರೆ ಕೆಲಸಕ್ಕೆ ಹೋಗುತ್ತಿದ್ದವನು. ಹದಿನೈದರಲ್ಲಿ ಮೈಯರ್‌ಗೆ ಮೈ ಬೆಳವಣಿಗೆ ಸಾಲದು ಎಂದು ಸ್ಕೀ ಶಾಲೆಯಿಂದ ವಾಪಸ್ ಕಳಿಸಿದ್ದರಂತೆ. ಫ್ಲಾಖಾವು ಎಂಬ ತನ್ನ ಊರಿಗೆ ಮರಳಿ ಬೇಸಿಗೆಯಲ್ಲಿ ಇಟ್ಟಿಗೆ ಕಟ್ಟಿದ, ಚಳಿಗಾಲದಲ್ಲಿ ಅಪ್ಪನ ಸ್ಕೀ ತರಗತಿಯಲ್ಲಿ ಬಂದವರಿಗೆ ಪಾಠ ಹೇಳಿದ. 1996ರ ಜನವರಿಯಲ್ಲಿ ಅದೇ ಊರಲ್ಲಿ ವಿಶ್ವಕಪ್ ಓಟ ನಡೆದಾಗ, ಸ್ಪರ್ಧಿಗಳಿಗಿಂತ ಮುಂಚೆ ಹಾದಿ ಪರೀಕ್ಷೆಗೆ ಇಳಿಯುವವರಲ್ಲಿ ಅವನೂ ಒಬ್ಬ. ನಮ್ಮ ಕಡೆ ಮುಖ್ಯ ಹೋರಿಗಳು ಬರುವ ಮೊದಲು ಅಖಾಡದಲ್ಲಿ ಸುಮ್ಮನೆ ಒಂದು ಹೋರಿ ಓಡಿಸುತ್ತಾರಲ್ಲ, ಹಾಗೆ. ಆದರೆ ಅಲ್ಲಿ ಅವನ ವೇಳೆಯನ್ನೂ ಯಾರೋ ಅಳೆದು ಬರೆದಿಟ್ಟರು. ಸ್ಪರ್ಧಿಯಾಗಿದ್ದರೆ ಹನ್ನೆರಡನೆಯ ಸ್ಥಾನ ಸಿಗುವಷ್ಟು ವೇಗ! ಅದರಿಂದ ತಂಡದ ಬಾಗಿಲು ತೆರೆಯಿತು. ಮುಂದೆ 54 ವಿಶ್ವಕಪ್ ಓಟ ಗೆದ್ದ. 2001ರಲ್ಲಿ ಬೈಕ್ ಅಪಘಾತದಲ್ಲಿ ಕಾಲು ಉಳಿಯುತ್ತದೋ ಇಲ್ಲವೋ ಎನ್ನುವ ಸ್ಥಿತಿ. 2003ರ ಜನವರಿಯಲ್ಲಿ ಮತ್ತೆ ಓಟಕ್ಕೆ ಬಂದು ಆ ತಿಂಗಳೊಳಗೇ ಕಿಟ್ಸ್‌ಬ್ಯೂಲ್ ಎಂಬಲ್ಲಿ ಸೂಪರ್-ಜಿ ಗೆದ್ದ. 2009ರಲ್ಲಿ ನಿವೃತ್ತನಾದ.

ಯಾರೋ ಒಬ್ಬ ಅವನ ವೇಳೆ ಬರೆದುಕೊಂಡ, ಗಾರೆ ಕೆಲಸದವನು ವೃತ್ತಿಪರ ಓಟಗಾರನಾದ. ನಮ್ಮಲ್ಲಿ ಕೊಬ್ಬರಿ ಹರಿದವನ ಹೆಸರನ್ನು ಕಾಮೆಂಟರಿಯವರು ಮೈಕಿನಲ್ಲಿ ಒಮ್ಮೆ ಕೂಗಿದರೆ ಹೆಚ್ಚು. ಅದೂ ಅವನ ಪರಿಚಯದವರು ಚೀಟಿ ಕಳಿಸಿದ್ದರೆ.

ಡೌನ್‌ಹಿಲ್ ಎಂದರೇನು ಎಂದು ಸ್ವಲ್ಪ ಓದಿಕೊಂಡೆ. ಸ್ಕೀ ಓಟದಲ್ಲಿ ಎರಡು ಜಾತಿ. ಕಂಬಗಳ ನಡುವೆ ಹಾವಿನಂತೆ ಹೊರಳುತ್ತ ಇಳಿಯುವ ಸ್ಲಾಲಂ, ಜೈಂಟ್ ಸ್ಲಾಲಂ ಒಂದು ಕಡೆ. ವೇಗವೇ ಮುಖ್ಯವಾದ ಡೌನ್‌ಹಿಲ್, ಸೂಪರ್-ಜಿ ಇನ್ನೊಂದು ಕಡೆ. ಕಿಟ್ಸ್‌ಬ್ಯೂಲ್‌ನ ಡೌನ್‌ಹಿಲ್ ಹಾದಿ 3.3 ಕಿ.ಮೀ. ಉದ್ದ, ಇಳಿತ 860 ಮೀಟರ್. ನಮ್ಮ ಲೆಕ್ಕದಲ್ಲಿ ಮೂರು ಜೋಗಕ್ಕಿಂತ ಹೆಚ್ಚು. ಅದನ್ನು ಎರಡು ನಿಮಿಷದೊಳಗೆ ಇಳಿದು ಮುಗಿಸುತ್ತಾರೆ. ಫ್ರಾನ್ಸಿನ ಯೋಹಾನ್ ಕ್ಲಾರೆ 2013ರಲ್ಲಿ ಸ್ವಿಟ್ಜರ್ಲೆಂಡಿನ ವೆಂಗನ್‌ನಲ್ಲಿ ಗಂಟೆಗೆ 161.9 ಕಿ.ಮೀ. ವೇಗ ಮುಟ್ಟಿದ್ದ. ಮೈಮೇಲೆ ಒಂದು ತೆಳು ಉಡುಪು, ತಲೆಗೆ ಹೆಲ್ಮೆಟ್, ಅಷ್ಟೇ.

ಈ ಕ್ಲಾರೆಯ ವಿಷಯ ಮೈಯರ್‌ಗಿಂತ ಹೆಚ್ಚು ನನ್ನನ್ನು ತಡೆದು ನಿಲ್ಲಿಸಿತು. ಅವನು ವಿಶ್ವಕಪ್‌ನ ಒಂದೇ ಒಂದು ಓಟವನ್ನೂ ಗೆದ್ದವನಲ್ಲ. ಎರಡನೆಯವನು, ಮೂರನೆಯವನು, ಹತ್ತನೆಯವನು ಆಗುತ್ತಲೇ ಹೋದ. 2022ರ ಬೀಜಿಂಗ್ ಒಲಿಂಪಿಕ್ಸ್ ಡೌನ್‌ಹಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಬೇಟ್ ಫಾಯ್ಟ್ಸ್‌ಗಿಂತ 0.10 ಸೆಕೆಂಡ್ ಹಿಂದೆ ಬಂದು ಬೆಳ್ಳಿ ಪಡೆದಾಗ ವಯಸ್ಸು 41. ಮರುವರ್ಷ ನಿವೃತ್ತಿ. ಸಾವಿನ ಪಕ್ಕದಲ್ಲೇ ಹಾದುಹೋಗುವ ಆಟದಲ್ಲಿ ಒಬ್ಬ 41ರವರೆಗೆ ಉಳಿಯುತ್ತಾನೆ, ಅದೂ ದೊಡ್ಡ ಗೆಲುವಿಲ್ಲದೆ! ನಮ್ಮ ಅಖಾಡದಲ್ಲಿ 41ರ ಹಿಡಿತಗಾರನನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಮೂವತ್ತು ದಾಟಿದವನು ಒಂದೋ ಕಮಿಟಿಯಲ್ಲಿರುತ್ತಾನೆ, ಇಲ್ಲಾ ಮನೆಯ ಜಗುಲಿಯಲ್ಲಿರುತ್ತಾನೆ.

ಬಿದ್ದವನನ್ನು ಉಳಿಸುವ ಏರ್ಪಾಡು ಅಲ್ಲೇನೂ ಹಿಮದ ಜೊತೆ ಆಕಾಶದಿಂದ ಉದುರಿದ್ದಲ್ಲ. ಸತ್ತು ಸತ್ತು ಕಲಿತದ್ದು. 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ಗೆ ಮುನ್ನ ಅಭ್ಯಾಸದಲ್ಲಿ ಆಸ್ಟ್ರೇಲಿಯಾದ ರಾಸ್ ಮಿಲ್ನ್ ಎಂಬ 19ರ ಹುಡುಗ ಹಾದಿ ತಪ್ಪಿ ಮರಕ್ಕೆ ಬಡಿದು ಸತ್ತ. ಅದೇ ಒಲಿಂಪಿಕ್ಸ್‌ನಲ್ಲಿ, ಅದೇ ಡೌನ್‌ಹಿಲ್‌ನಲ್ಲಿ ಭಾರತದ ಹೆಸರಲ್ಲೂ ಒಬ್ಬ ಇಳಿದಿದ್ದ. ಜೆರೆಮಿ ಬುಜಾಕೊವ್ಸ್ಕಿ, ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಸ್ಪರ್ಧಿ. ನಮ್ಮ ಎಷ್ಟು ಜನ ಕ್ರೀಡಾ ವರದಿಗಾರರಿಗೆ ಈ ಹೆಸರು ಗೊತ್ತೋ, ನನಗಂತೂ ಆ ರಾತ್ರಿಯವರೆಗೆ ಗೊತ್ತಿರಲಿಲ್ಲ. 1994ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ಆಸ್ಟ್ರಿಯಾದ ಉಲ್ರಿಕೆ ಮೈಯರ್ ಸತ್ತಳು. ಅವಳು ಪುಟ್ಟ ಮಗಳ ತಾಯಿ. ಒಂದೊಂದು ಸಾವಿನ ನಂತರವೂ ಹಾದಿಯ ಬದಿ ಏನೋ ಒಂದು ಬದಲಾಯಿತು. ಒಂದು ಸಾಲಿನ ಬಲೆ ಎರಡಾಯಿತು, ಗಟ್ಟಿ ವಸ್ತುಗಳಿಗೆ ಮೆತ್ತೆ ಬಂತು. ಸ್ಪರ್ಧೆಗೆ ಮೊದಲು ಅದೇ ಹಾದಿಯಲ್ಲಿ ಅಭ್ಯಾಸದ ಓಟ ಓಡದಿದ್ದರೆ ಡೌನ್‌ಹಿಲ್‌ಗೆ ಬಿಡುವುದೇ ಇಲ್ಲ. 2024–25ರ ಋತುವಿನಿಂದ ವಿಶ್ವಕಪ್‌ನ ವೇಗದ ಓಟಗಳಲ್ಲಿ ಉಡುಪಿನೊಳಗೆ ಏರ್‌ಬ್ಯಾಗ್ ಕಡ್ಡಾಯ.

ಸಾವು ನಿಂತಿದೆಯೇ? ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಇಟಲಿಯ ಮತ್ತೆಯೊ ಫ್ರಾನ್ಸೋಸೊ ಚಿಲಿ ದೇಶದಲ್ಲಿ ಅಭ್ಯಾಸದ ವೇಳೆ ಬಿದ್ದು ತೀರಿಕೊಂಡ. ಆಮೇಲೆ ಅಲ್ಲಿಯೂ ಜಗಳ ಎದ್ದಿತು. ಓಟದ ದಿನ ಇರುವ ಕಾವಲು ಅಭ್ಯಾಸದ ದಿನ ಯಾಕಿಲ್ಲ ಎಂದು ಓಟಗಾರರೇ ಕೇಳಿದರು. ನನಗೆ ಮುಖ್ಯ ಅನ್ನಿಸಿದ್ದು ಇದು, ಕೇಳಿದವರು ಓಟಗಾರರು. ಅವರಿಗೆ ಕೇಳುವ ಬಾಯಿ ಇದೆ. ಯಾಕೆಂದರೆ ಅವರ ಹೆಸರು ಎಲ್ಲೋ ಒಂದು ಪುಸ್ತಕದಲ್ಲಿ ಬರೆದಿದೆ.

ನಮ್ಮಲ್ಲಿ ಒಂದು ಸಾವು ಆದ ಮೇಲೆ ಏನು ಬದಲಾಗುತ್ತದೆ? ಇಷ್ಟು ವರ್ಷ ನೋಡಿದ್ದನ್ನು ಹೇಳುತ್ತೇನೆ. ಸಂಘಟಕರ ಮೇಲೆ ಕೇಸು. ನಾಲ್ಕು ದಿನ ಆ ಹೋಬಳಿಯಲ್ಲಿ ಹಬ್ಬ ಬಂದ್. ಐದನೇ ದಿನ ಪಕ್ಕದ ಊರಲ್ಲಿ ಅಖಾಡ. ಅಲ್ಲೂ ಅದೇ ಬೀದಿ, ಅದೇ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಹತ್ತಿದ ಜನ, ಅದೇ ಹೋರಿ ಬಾಲದ ಹಿಂದೆ ಮೊಬೈಲ್ ಹಿಡಿದು ಓಡುವ ಮಕ್ಕಳು. ಸತ್ತವರಲ್ಲಿ ಎಲ್ಲರೂ ಹಿಡಿಯಲು ಹೋದವರಲ್ಲ ಎನ್ನುವುದನ್ನೂ ಮರೆಯಬಾರದು. 2025ರ ದೀಪಾವಳಿಯಲ್ಲಿ ಪಕ್ಕದ ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಸತ್ತವರಲ್ಲಿ ಹಿರಿಯ ಜೀವಗಳೂ ಇದ್ದವು. ಅಖಾಡ ದಾಟಿದ ಹೋರಿ ಎಲ್ಲಿ ನಿಲ್ಲಬೇಕು ಎಂದು ಯಾರೂ ಯೋಚಿಸಿರುವುದಿಲ್ಲ. ಅದು ರಸ್ತೆಗೆ ಹೋಗುತ್ತದೆ, ಅಂಗಳಕ್ಕೆ ಹೋಗುತ್ತದೆ. ಬೆದರಿದ ಜೀವ, ಅದಕ್ಕೇನು ಗೊತ್ತು.

ಸ್ಕೀ ಹಾದಿಯಲ್ಲಿ ಗೆರೆ ದಾಟಿದ ಮೇಲೆ ಓಟಗಾರ ನಿಲ್ಲಲು ಅಗಲವಾದ ಬಯಲು ಬಿಟ್ಟಿರುತ್ತಾರೆ, ಅದರಾಚೆ ಗಾಳಿ ತುಂಬಿದ ಮೆತ್ತೆಯ ಗೋಡೆ. ಓಡುವ ಜಾಗದಷ್ಟೇ ನಿಲ್ಲುವ ಜಾಗವೂ ಮುಖ್ಯ. ನಮ್ಮ ಕಮಿಟಿಗಳು ಓಡುವ ಜಾಗಕ್ಕೆ ನೀರು ಹೊಡೆದು ಧೂಳು ಕೂರಿಸುತ್ತವೆ. ನಿಲ್ಲುವ ಜಾಗ ದೇವರಿಗೆ ಬಿಟ್ಟದ್ದು.

"ಅದೆಲ್ಲ ದುಡ್ಡಿದ್ದ ದೇಶದ ಆಟ, ನಮ್ಮ ರೈತರ ಹಬ್ಬಕ್ಕೆ ಯಾಕೆ ಗಂಟು ಹಾಕ್ತೀರಿ" ಎಂದು ಸೊರಬದ ಒಬ್ಬ ಸಂಘಟಕರು ನನಗೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹೆಲಿಕಾಪ್ಟರ್ ತನ್ನಿ ಎಂದು ನಾನೂ ಹೇಳುತ್ತಿಲ್ಲ. ಆದರೆ ಬೇಲಿಗೆ ಎಷ್ಟು ದುಡ್ಡು ಬೇಕು? ಅಡಿಕೆ ದಬ್ಬೆ ನಮ್ಮಲ್ಲಿ ಇಲ್ಲವೇ, ಬಿದಿರು ಇಲ್ಲವೇ? ಜಾತ್ರೆಗೆ ತೇರಿನ ಬೀದಿಯಲ್ಲಿ ಗಳ ಕಟ್ಟಿ ಜನರನ್ನು ತಡೆಯುವುದು ನಮಗೆ ಬರುತ್ತದೆ. ಮೊದಲ ಬಹುಮಾನಕ್ಕೆ ಬೈಕು ಕೊಡುವ ಕಮಿಟಿಗೆ ಎರಡು ಸಾಲು ಬೇಲಿ ಕಟ್ಟಿಸುವ ಶಕ್ತಿ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ಬೇಲಿ ಕಟ್ಟಿದರೆ ಹೋರಿಗೆ ಪೆಟ್ಟಾಗುತ್ತದೆ ಎನ್ನುವ ವಾದವೂ ಇದೆ. ಇರಬಹುದು, ಮೊನೆಯಿಲ್ಲದ ಹಾಗೆ ಕಟ್ಟಬೇಕು, ಹುಲ್ಲಿನ ಕಟ್ಟು ಒರಗಿಸಬೇಕು. ಭತ್ತದ ಸೀಮೆಯಲ್ಲಿ ಹುಲ್ಲಿಗೆ ಬರವೇ?

ಹತ್ತಿರದ ಉದಾಹರಣೆ ಬೇಕು ಎಂದರೆ ಅದೂ ಇದೆ. ತಮಿಳುನಾಡಿನವರು ಜಲ್ಲಿಕಟ್ಟಿಗೆ 2017ರಲ್ಲಿ ನಿಯಮ ಮಾಡಿಕೊಂಡರು. ಎರಡು ಸಾಲಿನ ಬೇಲಿ, ಆಟಗಾರರ ನೋಂದಣಿ, ಆಟಕ್ಕೆ ಮೊದಲು ವೈದ್ಯರ ತಪಾಸಣೆ, ಓಡಿ ಬಂದ ಹೋರಿಯನ್ನು ಹಿಡಿದು ನಿಲ್ಲಿಸಲು ಬೇರೆ ಅಂಗಳ. ಅಲ್ಲೂ ಜನ ಸಾಯುತ್ತಾರೆ, ಅಲ್ಲೂ ನಿಯಮ ಮುರಿಯುತ್ತಾರೆ. ಆದರೆ ಮುರಿದರು ಎಂದು ಹೇಳಲು ಅಲ್ಲೊಂದು ನಿಯಮ ಇದೆ. ನಮ್ಮ ರಾಜ್ಯದಲ್ಲೇ ಕರಾವಳಿಯ ಕಂಬಳ ನೋಡಿ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.50 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. 100 ಮೀಟರಿಗೆ 9.55 ಸೆಕೆಂಡ್ ಎಂದು ಯಾರೋ ಲೆಕ್ಕ ಹಾಕಿ ಉಸೇನ್ ಬೋಲ್ಟ್ ಹೆಸರು ಜೋಡಿಸಿದ್ದೇ ತಡ, ಕೇಂದ್ರದ ಕ್ರೀಡಾ ಸಚಿವರವರೆಗೂ ಸುದ್ದಿ ಹೋಯಿತು. ಬೋಲ್ಟ್ ಹೋಲಿಕೆ ಅತಿಯಾಯಿತು, ಕೋಣಗಳ ಎಳೆತ ಇತ್ತಲ್ಲ, ಗೌಡರೇ ಟ್ರಯಲ್‌ಗೆ ಒಲ್ಲೆ ಎಂದರು. ಆದರೂ ಅಲ್ಲಿ ಓಡಿಸುವವನ ಹೆಸರು ಕೋಣದ ಹೆಸರಿನ ಜೊತೆ ದಾಖಲಾಗುತ್ತದೆ. ನೋವಿನ ಮಾತೆಂದರೆ ನಮ್ಮ ಹುಡುಗರ ವೇಗವೂ ಕಡಿಮೆಯಲ್ಲ. ಅಳೆದವರು ಯಾರು?

ಹಾಗಾದರೆ ಹಬ್ಬವನ್ನೇ ನಿಲ್ಲಿಸಿಬಿಡಿ ಎನ್ನುವ ಗೆಳೆಯರೂ ನಮ್ಮ ಬಳಗದಲ್ಲಿ ಇದ್ದಾರೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಓಟಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಇದರಲ್ಲಿ ಪ್ರಾಣಿಗೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತು ಇದೆ. 'ಬೆದರಿಸುವ ಸ್ಪರ್ಧೆ' ಎಂದು ನಾವೇ ಹೆಸರಿಟ್ಟ ಆಟದಲ್ಲಿ ಆ ಷರತ್ತು ಎಷ್ಟು ಉಳಿಯುತ್ತದೆ ಎಂಬುದು ನನ್ನನ್ನೂ ಕಾಡುತ್ತದೆ. ಮೂಗಿನಲ್ಲಿ ರಕ್ತ ಬಂದ ಹೋರಿಯನ್ನು ನಾನು ಕಂಡಿದ್ದೇನೆ, ಬರೆದಿಲ್ಲ. ಆದರೆ ನಿಷೇಧದ ವರ್ಷಗಳನ್ನೂ ಕಂಡಿದ್ದೇನೆ. ಹಬ್ಬ ನಿಲ್ಲಲಿಲ್ಲ, ಮುಖ್ಯ ರಸ್ತೆಯಿಂದ ಒಳಗಿನ ಊರಿಗೆ ಹೋಯಿತು ಅಷ್ಟೇ. ಅಲ್ಲಿ ಆ್ಯಂಬುಲೆನ್ಸು ಬರುವುದಿರಲಿ, ಬಿದ್ದವನನ್ನು ಯಾವ ಊರಲ್ಲಿ ಬಿದ್ದ ಎಂದು ಹೇಳಲೂ ಹೆದರುತ್ತಿದ್ದರು. ಬೈಕಿನಿಂದ ಬಿದ್ದೆ ಎಂದು ಬರೆಸಿದವರಿದ್ದಾರೆ. ನಿಷೇಧ ಬೇಕೆನ್ನುವವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಅದರ ಫಲ ನಮ್ಮ ಕಡೆ ಹೀಗಾಯಿತು.

ಈಗಿರುವ ಸ್ಥಿತಿ ಎರಡೂ ಅಲ್ಲ. ಅನುಮತಿ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ವೇದಿಕೆಗೆ ಗಣ್ಯರು ಬರುತ್ತಾರೆ, ಅವಘಡವಾದರೆ ಯಾರೂ ಬಂದಿರಲಿಲ್ಲ. ಈ ಮಸುಕಿನಲ್ಲಿ ಎಲ್ಲರಿಗೂ ಅನುಕೂಲ ಇದೆ, ಅಖಾಡಕ್ಕೆ ಇಳಿಯುವವನೊಬ್ಬನನ್ನು ಬಿಟ್ಟು.

ನಾನು ಕೇಳುವುದು ದೊಡ್ಡದೇನಲ್ಲ. ಹಿಡಿಯಲು ಇಳಿಯುವವನು ಬೆಳಿಗ್ಗೆಯೇ ಹೆಸರು ಬರೆಸಲಿ, ವಯಸ್ಸಿನ ಚೀಟಿ ತೋರಿಸಲಿ, ಎದೆಗೊಂದು ನಂಬರು ಕಟ್ಟಿಕೊಳ್ಳಲಿ. ಹದಿನೆಂಟು ಆಗದವನು ಬೇಲಿಯ ಹೊರಗೆ, ಕುಡಿದವನೂ ಹೊರಗೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆ ಇದೆ, ಸತ್ತರೆ 2 ಲಕ್ಷ. ಅಖಾಡದ ಸಾವಿಗೂ ಅದು ಸಲ್ಲುತ್ತದೆಯೇ ಎಂದು ಜಿಲ್ಲೆಯ ಬ್ಯಾಂಕಿನವರಿಂದ ಬರೆಸಿಕೊಳ್ಳಲಿ, ಸಲ್ಲದಿದ್ದರೆ ಕಮಿಟಿಯೇ ಒಂದು ದಿನದ ಗುಂಪು ವಿಮೆ ಮಾಡಿಸಲಿ. ಹೋರಿ ಮಾಲೀಕರಿಂದ ಪ್ರವೇಶ ಶುಲ್ಕ ವಸೂಲಿ ಆಗುತ್ತದಲ್ಲ, ಅದರಲ್ಲಿ ಒಂದು ಪಾಲು ಸಾಕು. ಮತ್ತು ನಿಲ್ಲುವ ಜಾಗ. ಅಖಾಡದ ತುದಿಯಲ್ಲಿ ಹೋರಿ ಸುತ್ತಿ ನಿಲ್ಲುವಷ್ಟು ಬಯಲಿಲ್ಲದ ಊರಿನಲ್ಲಿ ಹಬ್ಬ ಬೇಡ. ಪ್ರತಿ ಊರಿಗೂ ಅಖಾಡ ಇರಲೇಬೇಕು ಎಂದು ಎಲ್ಲಿ ಬರೆದಿದೆ? ಹೋಬಳಿಗೆ ಒಂದು ಒಳ್ಳೆಯ ಅಖಾಡ ಆಗಲಿ.

ಇನ್ನು ನಮ್ಮ ಪಾಲು, ವರದಿಗಾರರದು. ನಾವು ಓದಿದ ಡಿಪ್ಲೊಮಾದಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಮೊದಲ ವಾರವೇ ಹೇಳಿಕೊಟ್ಟಿದ್ದರು. 'ಯಾರು' ಎಂಬ ಪ್ರಶ್ನೆಗೆ ನಾನು ಹತ್ತು ವರ್ಷ ಹೋರಿಯ ಹೆಸರು ಬರೆದೆ. ಸೊರಬ, ಶಿಕಾರಿಪುರದ ಯಾವ ಹಳೆಯ ಊರಿಗೆ ಹೋದರೂ ಕೆರೆ ಏರಿಯ ಮೇಲೋ ಗುಡಿಯ ಹಿಂದೋ ವೀರಗಲ್ಲು ಸಿಗುತ್ತದೆ. ತುರು ಕಾಳಗದಲ್ಲಿ, ಅಂದರೆ ದನ ಹೊಡೆದುಕೊಂಡು ಹೋಗುವವರ ಎದುರು ನಿಂತು, ಸತ್ತವರ ಕಲ್ಲುಗಳೂ ಅವುಗಳಲ್ಲಿವೆ. ಕೆಳಗೆ ಅವನು ಕಾದುತ್ತಿರುತ್ತಾನೆ, ಮೇಲೆ ಅಪ್ಸರೆಯರು ಅವನನ್ನು ಕೊಂಡೊಯ್ಯುತ್ತಿರುತ್ತಾರೆ, ಎಷ್ಟೋ ಕಲ್ಲುಗಳಲ್ಲಿ ಹೆಸರೂ ಇದೆ. ದನಗಳೂ ಇವೆ, ಮೂಲೆಯಲ್ಲಿ ಸಣ್ಣದಾಗಿ. ಕಲ್ಲು ಕೆತ್ತಿದ ಆ ಕುಶಲಕರ್ಮಿಗೆ ಸುದ್ದಿ ಯಾವುದೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು.

ನಮಗೂ ವಿಮೆ ಇಲ್ಲ, ಪಿ.ಎಫ್. ಇಲ್ಲ, ಪ್ರಕಟವಾದ ಸುದ್ದಿಗೆ ಇಷ್ಟು ಎಂದು ಲೆಕ್ಕ. ಅಖಾಡದ ನಡುವೆ ಫೋಟೊಗೆ ನಿಂತವನನ್ನು ಹೋರಿ ಸ್ಟ್ರಿಂಗರ್ ಎಂದು ಬಿಟ್ಟು ಹೋಗುವುದಿಲ್ಲ. ಅದು ಇನ್ನೊಂದು ದಿನದ ಮಾತು.

ನಮ್ಮ ಹುಡುಗ ಈಗ ಕೋಲು ಹಿಡಿದು ನಡೆಯುತ್ತಾನೆ. ಸಾರವೆ ಹತ್ತುವುದು ಸದ್ಯಕ್ಕಿಲ್ಲ. ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಅತ್ತೆ ಚಹಾ ಕೊಟ್ಟು, "ಅವತ್ತು ನೀ ಬರ್ದಿದ್ದ ಪೇಪರು ಯಾರೋ ತಂದು ತೋರ್ಸಿದ್ರು ತಮ್ಮಾ. ಹುಡುಕ್ದೆ, ಹುಡುಕ್ದೆ, ಇವ್ನ ಹೆಸ್ರೇ ಇರ್ಲಿಲ್ಲ" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ನಾನು ಏನೂ ಹೇಳಲಿಲ್ಲ. ಅವನು ಮಾತ್ರ ಆ ಮೈಯರ್ ವಿಡಿಯೊ ಮತ್ತೆ ಹಾಕು ಭಾವ ಅಂದ. ನಾಲ್ಕೈದು ಸಲ ಹಿಂದೆ ಮುಂದೆ ಮಾಡಿ ನೋಡಿದ. ಹಾರುವುದನ್ನಲ್ಲ, ಬೀಳುವುದನ್ನು. "ಬೇಲಿ ಗಟ್ಟಿ ಇಲ್ಲ ನೋಡು ಭಾವ, ಬೇಕಂತಲೇ ಮುರಿಯೋ ಹಂಗೆ ಕಟ್ಯಾರೆ. ಒಂದು ಮುರಿದಾಗ ಅರ್ಧ ಜೋರು ಹೋತು, ಇನ್ನೊಂದಕ್ಕೆ ಉಳಿದದ್ದು ಹೋತು." ಗಾರೆಯವನ ಕಣ್ಣು. ನಾನು ಅಷ್ಟು ಓದಿದರೂ ಅದನ್ನು ಗಮನಿಸಿರಲಿಲ್ಲ.

ಮೊನ್ನೆ ಒಂದು ಕಮಿಟಿಯವರು ಈ ಸಲದ ಹಬ್ಬದ ಕರಪತ್ರದ ಕರಡು ತಂದಿದ್ದರು, ಒಂದು ಸುದ್ದಿ ಮಾಡಿ ಎಂದು. ಬಣ್ಣದ ಕಾಗದ, ಮೇಲೆ ದೇವರು, ಕೆಳಗೆ ಹೋರಿಗಳ ಫೋಟೊ, ಬಹುಮಾನದ ಉದ್ದ ಪಟ್ಟಿ. ಹಿಡಿಯುವವರು ಹೆಸರು ಬರೆಸಲು ಒಂದು ಫೋನ್ ನಂಬರ್ ಹಾಕಿ, ಬೇಲಿ ಎಲ್ಲಿಂದ ಎಲ್ಲಿಯವರೆಗೆ ಎಂದು ಒಂದು ಸಾಲು ಹಾಕಿ, ಸುದ್ದಿ ಮಾಡುತ್ತೇನೆ ಎಂದೆ. "ಜಾಗ ಸಾಲಲ್ಲ ಸಾರ್, ನೋಡೋಣ" ಎಂದು ಒಂದು ಪ್ರತಿ ನನ್ನ ಮೇಜಿನ ಮೇಲೆ ಬಿಟ್ಟು ಹೋದರು. ಕೆಳಗಿನ ಅಂಚಿನಲ್ಲಿ, ಮುದ್ರಕರ ಹೆಸರಿನ ಪಕ್ಕ, ಎರಡು ಬೆರಳಷ್ಟು ಜಾಗ ಖಾಲಿ ಇದೆ. ಪೆನ್ಸಿಲಿನಲ್ಲಿ ಗುರುತು ಹಾಕಿ ಇಟ್ಟಿದ್ದೇನೆ, ಅವರು ಇನ್ನೂ ಬಂದಿಲ್ಲ.